ಮೂರನೆಯ ತಂತಿಯೂ ನನ್ನ ಪಂಚೆಯೂ

"ಇನ್ನು ಮೇಲೆ ನಿನ್ನ ಕಣ್ಣಿಗೆ ಹೊಗೆ ಎಂಬ ಪದಾರ್ಥವೇ ಬೀಳಕೂಡದು!" ಎಂದು ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಘೋಷಿಸಿದೆ.

ನನ್ನ ಹೆಂಡತಿ ಸಾವಿತ್ರಮ್ಮ ಊದುಗೊಳವೆಯಿಂದ ಬಾಯಿ ತೆಗೆದಳು. ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು, "ಮೊದಲು ಆ ಹೊಸ್ತಿಲಿಂದ ಇಳೀರಿ" ಎಂದಳು.

ಘೋಷಣೆಗೆ ಕಾರಣವಿತ್ತು. ಹಿಂದಿನ ವಾರವಷ್ಟೇ ಮೂಡಿಗೆರೆಯ ಡಾಕ್ಟರು ಅವಳ ರೆಪ್ಪೆ ಎತ್ತಿ ನೋಡಿ, "ಈ ಹೊಗೆಯಲ್ಲೇ ಇನ್ನೆರಡು ವರ್ಷ ಇದ್ದರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದಿದ್ದರು. ಹದಿನಾಲ್ಕು ವರ್ಷ ಹಸಿ ಸೌದೆ ಊದಿ ಊದಿ ನನಗೆ ಬಿಸಿಬಿಸಿ ಬಡಿಸಿದ ಕಣ್ಣುಗಳು! ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಮಾತೇ ಹೊರಡಲಿಲ್ಲ. ನನ್ನನ್ನು ಬಲ್ಲವರಿಗೆ ಇದೆಂಥ ಅನಾಹುತವೆಂದು ಗೊತ್ತು.

ನಾನು ದೇವರಮನೆ ಗುಡ್ಡದ ಬುಡದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಯುದ್ಧ ಮುಗಿದ ಮರುವರ್ಷ ನಮ್ಮ ಇಂಗ್ಲಿಷ್ ದೊರೆಗಳು ತಮ್ಮ ಸೀಮೆಗೆ ಹೊರಟು ನಿಂತರು. ಸಾಮಾನು ಕಟ್ಟಿಸುತ್ತಿದ್ದ ದೊರೆಸಾನಿಯವರಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಬಂಗಲೆಯ ಕರೆಂಟ್ ಒಲೆಯನ್ನೇ ತೋರಿಸಿ, "ರೈಟರ್, ಇದು ನಿನ್ನ ಹೆಂಡತಿಗೆ" ಎಂದುಬಿಟ್ಟರು. ಎರಡು ಬಿಲ್ಲೆ, ನಾಲ್ಕು ಕಾಲು, ಹಾಲಿನ ಬಣ್ಣದ ಮೈ! ಆ ತಾಯಿಯನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ನಮ್ಮ ಎಸ್ಟೇಟಿನ ಕರೆಂಟು ಸ್ವಂತದ್ದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಒಂದು ಆಯಿಲ್ ಇಂಜಿನ್ನು. ಅದೇ ಇಂಜಿನ್ನಿಗೆ ಬೆಲ್ಟು ಹಾಕಿದ ಒಂದು ಡೈನಮೋ. ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಇಂಜಿನ್ನು ಗುಡುಗಿತೆಂದರೆ ಬಂಗಲೆಗೂ, ಬಂಗಲೆಯ ಹಿಂದಿನ ನನ್ನ ಮನೆಯ ಎರಡು ಬಲ್ಬಿಗೂ ಜೀವ ಬರುತ್ತಿತ್ತು. ಇವೆಲ್ಲವನ್ನೂ ನೋಡಿಕೊಳ್ಳುವವರು ಇಂಜಿನ್ ಮಿಸ್ತ್ರಿ ರಜಾಕ್ ಸಾಬರು.

ಒಲೆ ನನ್ನ ಮನೆಗೆ ಬಂದ ದಿನವೇ ಅವರು ಜಗಲಿಗೆ ಬಂದರು.

"ರೈಟ್ರೇ, ಭಾನುವಾರ ಇಂಜಿನ್ ನಿಲ್ತದೆ. ನಾನೇ ಬಂದು ಹಾಕ್ಕೊಡ್ತೀನಿ. ಅಲ್ಲಿತನಕ ಕೈ ಹಾಕ್ಬೇಡಿ ಮಾರಾಯ್ರೇ. ನಿಮ್ಮನೆ ವಯರು ಎರಡು ಬಲ್ಬಿಗೆ ಹಾಕಿದ್ದು. ಈ ಒಲೆ ನಲವತ್ತು ಬಲ್ಬಿನ ಕರೆಂಟ್ ಕುಡೀತದೆ."

"ಆಯ್ತು, ಆಯ್ತು."

"ಅದಕ್ಕೆ ಮೂರು ತಂತಿ ಇದೆ, ಮೂರೂ ಬೇಕು. ಮತ್ತೆ, ಕರೆಂಟ್ ಯಾರನ್ನಾದ್ರೂ ಹಿಡ್ಕೊಂಡ್ರೆ ಕೈಯಿಂದ ಎಳೀಬಾರ್ದು. ಒಣ ಹಲಗೆ ಮೇಲೆ ನಿಂತು, ಒಣ ಮರದಲ್ಲಿ ಹೊಡೆದು ಬಿಡಿಸ್ಬೇಕು. ಕೇಳಿಸ್ತಾ?"

"ಆಯ್ತು ಸಾಬ್ರೇ!" ಎಂದೆ, ಆಳುಗಳ ಹಾಜರಿ ಪುಸ್ತಕದಿಂದ ತಲೆ ಎತ್ತದೆ. ನನ್ನ ಕಿವಿ ಅಲ್ಲಿರಲಿಲ್ಲ. ಸಾಬರಿಗೆ ಕಾಫಿ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ಸಾವಿತ್ರಮ್ಮನ ಎರಡೂ ಕಿವಿ ಅಲ್ಲೇ ಇದ್ದವು.

ಭಾನುವಾರಕ್ಕೆ ಇನ್ನೂ ನಾಲ್ಕು ದಿನ. ನಾಲ್ಕು ದಿನದ ಹೊಗೆ! ಹನ್ನೊಂದು ವರ್ಷ ಹಾಜರಿ ಪುಸ್ತಕದ ಮುನ್ನೂರು ಹೆಸರುಗಳನ್ನು ಆಳಿದ ನನಗೆ ಮೂರು ತಂತಿ ಯಾವ ಲೆಕ್ಕ? ಮರುದಿನ ಮಧ್ಯಾಹ್ನ ಇಂಜಿನ್ನು ಶುರುವಾಗುವ ಮೊದಲೇ ಕಾರ್ಯಕ್ಕೆ ಇಳಿದೆ. ಅಡುಗೆಮನೆಯ ಬಲ್ಬನ್ನು ಕಳಚಿದೆ. ಅದಕ್ಕೆ ಬರುವ ತಂತಿ ಎರಡು. ಒಲೆಯಿಂದ ಹೊರಟ ತಂತಿ ಮೂರು! ಎರಡನ್ನು ಎರಡಕ್ಕೆ ಹೆಣೆದೆ. ಉಳಿದ ಹಸಿರು ತಂತಿಯನ್ನು ಕೈಯಲ್ಲಿ ಹಿಡಿದು ನಕ್ಕೆ.

"ನೋಡಿದೆಯಾ ಈ ಬಿಳಿಯರ ದುಂದುಗಾರಿಕೆ! ಎರಡು ಸಾಕಾದ ಕಡೆ ಮೂರು!"

"ಮೂರೂ ಬೇಕು ಅಂದಿದ್ರಲ್ವಾ ಸಾಬ್ರು?"

"ಅವರು ಇಂಜಿನ್ನಿನವರು. ಇದು ಅಡುಗೆಮನೆ!"

ಒಳ್ಳೇ ತಾಮ್ರದ ತಂತಿ, ಆರು ಮೊಳ ಉದ್ದ. ಬಿಸಾಡಲು ಮನಸ್ಸು ಬರಲಿಲ್ಲ. ಬುಡಕ್ಕೇ ಕತ್ತರಿಸಿ, ಹಿತ್ತಿಲ ಎರಡು ಕಂಬಕ್ಕೆ ಬಿಗಿದು, ಒಗೆದ ಪಂಚೆಯೊಂದನ್ನು ಅದರ ಮೇಲೆ ಹರವಿ ಬಂದೆ.

ಸಾವಿತ್ರಮ್ಮನಿಗೆ ಇನ್ನೊಂದು ಅನುಮಾನ. "ಅಲ್ಲ, ಬಂಗಲೆಯಲ್ಲಿ ಮೊಟ್ಟೆ, ಮಾಂಸ ಎಲ್ಲ ಬೇಯಿಸಿದ ಒಲೆ. ಮೇಲೆ ನಾಕು ಹನಿ ನೀರು ಚಿಮುಕಿಸಿ ಒರೆಸಿಬಿಡಿ, ಸಾಕು."

ನಾಲ್ಕು ಹನಿ! ಅರ್ಧಂಬರ್ಧ ಕೆಲಸ ನನ್ನ ಜಾಯಮಾನವೇ ಅಲ್ಲ. ಎರಡು ಚೆಂಬು ನೀರು ಹೊಯ್ದೆ. ದಿನಾ ಬೆಳಿಗ್ಗೆ ಅವಳು ಮಣ್ಣಿನ ಒಲೆಯನ್ನು ಸಾರಿಸುವ ಹಾಗೆ ಸಗಣಿ ನೀರು ಕಲಸಿ, ಒಳಗೆ, ಹೊರಗೆ, ಸಂದುಗೊಂದಿಗಳಲ್ಲೆಲ್ಲ ನನ್ನ ಕೈಯಾರೆ ಸಾರಿಸಿದೆ. ನೆಲವನ್ನೂ ಬಿಡಲಿಲ್ಲ. ರಂಗೋಲಿಯನ್ನೂ ನಾನೇ ಎಳೆದೆ. ಅದು ತಾವರೆಯೆಂದು ನಾನು ಹೇಳಿದ ಮೇಲೆ ಅವಳು ಒಪ್ಪಿಕೊಂಡಳು.

ಮೂರು ಗಂಟೆ. ಇಂಜಿನ್ನು ಗುಡುಗಿತು. ಸ್ವಿಚ್ಚು ಒತ್ತಿದೆ. ಜಗಲಿಯ ಫ್ಯೂಸು "ಟಪ್" ಎಂದಿತು! ಬಿಚ್ಚಿ ನೋಡಿದರೆ ಒಳಗೆ ಕೂದಲಿನಷ್ಟು ಸಣ್ಣ ಎಳೆ, ಕರಗಿ ಹೋಗಿದೆ.

"ಇಷ್ಟು ನರಪೇತಲ ತಂತಿ ಹಾಕಿದರೆ ಸುಡದೆ ಇನ್ನೇನು? ಇದಕ್ಕೆ ಪುಷ್ಟಿ ಸಾಲದು!" ಎಂದು ಹಸಿರು ತಂತಿಯದೇ ಒಂದು ತುಂಡನ್ನು ಸುಲಿದು, ಆ ದಪ್ಪ ತಾಮ್ರವನ್ನು ಎರಡು ಸುತ್ತು ಬಿಗಿದೆ.

ಈ ಸಲ ಫ್ಯೂಸು ಉಸಿರೆತ್ತಲಿಲ್ಲ. ಬಿಲ್ಲೆ ನಿಧಾನವಾಗಿ ಕೆಂಪಾಯಿತು. ಸೌದೆಯಿಲ್ಲ, ಊದುವುದಿಲ್ಲ, ಹೊಗೆಯಿಲ್ಲ! ಸಾವಿತ್ರಮ್ಮ ಕೈ ಮುಗಿದಳು. ಸುಟ್ಟ ರಬ್ಬರಿನ ವಾಸನೆ ಸ್ವಲ್ಪ ಬಂತು; ಹೊಸ ಒಲೆಯೆಂದರೆ ಅಷ್ಟಾದರೂ ಇರಬೇಡವೇ ಎಂದುಕೊಂಡೆ.

"ಅದರ ಮೈ ಮುಟ್ಟಿದ್ರೆ ಸುಡಲ್ವಾ?" ಎಂದಳು.

"ಬಿಲ್ಲೆ ಮಾತ್ರ ಬಿಸಿ, ಮೈ ತಣ್ಣಗೆ. ನೋಡು!" ಎಂದು, ಸಾರಿಸಿದ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಒಲೆಯ ಕಬ್ಬಿಣದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹಿಡಿದುಕೊಂಡೆ ಎಂದರೆ ತಪ್ಪು. ಅದು ನನ್ನನ್ನು ಹಿಡಿದುಕೊಂಡಿತು! ಹಲ್ಲಿಗೆ ಹಲ್ಲು ಕಚ್ಚಿತು, ಕೈ ಬಿಡಲೊಲ್ಲದು, "ಅಮ್ಮಾ" ಎನ್ನಲು ಬಾಯಿ ತೆರೆಯಲೊಲ್ಲದು. ಮೈಯೆಲ್ಲ ಪಲ್ಪರಿನಂತೆ ಅದುರತೊಡಗಿತು. ಸಾಯುತ್ತಿದ್ದೇನೆಂದು ನಿಜವಾಗಿ ಅನ್ನಿಸಿತು. ಅವಳು ಓಡಿ ಬಂದು ನನ್ನನ್ನು ಹಿಡಿದರೆ ಅವಳೂ ಉಳಿಯುವುದಿಲ್ಲವೆಂದೂ ಆಗಲೇ ಹೊಳೆಯಿತು. ಬೇಡ ಎನ್ನಲು ನಾಲಗೆಯಿಲ್ಲ!

ಸಾವಿತ್ರಮ್ಮ ಓಡಿ ಬರಲಿಲ್ಲ. ಕಾಲಿನಿಂದ ಊಟದ ಮಣೆಯನ್ನು ಎಳೆದುಕೊಂಡಳು. ಅದರ ಮೇಲೆ ಹತ್ತಿ ನಿಂತಳು. ಮೂಲೆಯ ಒನಕೆ ಎತ್ತಿಕೊಂಡಳು. ಅದನ್ನು ತಿರುಗಿಸಿ ಹಿಡಿದಳು, ಕಬ್ಬಿಣದ ಬಳೆಯಿಲ್ಲದ ತುದಿ ನನ್ನ ಕಡೆಗೆ ಬರುವ ಹಾಗೆ! ಆಮೇಲೆ ಭತ್ತ ಕುಟ್ಟಿ ಪಳಗಿದ ಕೈಯಿಂದ ನನ್ನ ಮೊಣಕೈಗೆ ಒಂದೇ ಒಂದು ಬಿಗಿದಳು. ನಾನು ಹಾರಿ ಹೋಗಿ ಅಕ್ಕಿ ತೊಳೆದ ನೀರಿನ ಪಾತ್ರೆಯಲ್ಲಿ ಕುಳಿತೆ. ಹೆಸರಿಗೆ ತಕ್ಕ ಹಾಗೆ ಯಮನ ಬಾಯಿಂದ ಗಂಡನನ್ನು ಕಿತ್ತು ತಂದಳು ನನ್ನ ಸಾವಿತ್ರಿ. ಹಾಗೆಯೇ ಕೈ ಚಾಚಿ ಒನಕೆಯ ತುದಿಯಿಂದಲೇ ಸ್ವಿಚ್ಚನ್ನೂ ಆರಿಸಿದಳು.

ಅಷ್ಟರಲ್ಲಿ ರಜಾಕ್ ಸಾಬರು ಏದುಸಿರು ಬಿಡುತ್ತ ಬಂದರು. "ಇಂಜಿನ್ ನರಳಿದಾಗಲೇ ಗೊತ್ತಾಯ್ತು, ರೈಟ್ರು ಒಲೆ ಹಚ್ಚಿದ್ರು ಅಂತ. ನಿಲ್ಲಿಸಿ ಓಡಿ ಬಂದೆ. ಜೀವ ಇದೆಯಾ?"

"ಇದೆ ಸಾಬ್ರೇ. ಪಾತ್ರೆಯಲ್ಲಿ ಇದೆ" ಎಂದಳು ಸಾವಿತ್ರಮ್ಮ.

ಸಾಬರು ಒಲೆಯನ್ನು ಮಗುಚಿದರು. ಸಂದಿಯಿಂದ ಸಗಣಿ ನೀರು ತೊಟ್ಟಿಕ್ಕಿತು. "ಒದ್ದೆಯಾಗಿ ಮೈಗೆಲ್ಲ ಕರೆಂಟ್ ಬಂದಿದೆ. ಆ ಮೂರನೇ ತಂತಿ ಇದ್ದಿದ್ರೆ ಕರೆಂಟು ಭೂಮಿಗೆ ಹೋಗ್ತಿತ್ತು, ಮೊದಲಿನ ಸಣ್ಣ ಫ್ಯೂಸೂ ಸುಟ್ಟು ನಿಮ್ಮನ್ನ ಉಳಿಸ್ತಿತ್ತು. ಎಲ್ಲಿ ಹಸಿರು ತಂತಿ?"

ನಾನು ಹಿತ್ತಿಲ ಕಡೆ ಬೆರಳು ತೋರಿಸಿದೆ. ಅವರು ಹೋಗಿ ನೋಡಿದರು.

"ರೈಟ್ರೇ, ನಿಮ್ಮ ಪ್ರಾಣದ ಮೇಲೆ ಪಂಚೆ ಒಣಹಾಕಿದ್ದೀರಲ್ಲ ಮಾರಾಯ್ರೇ!"

ಭಾನುವಾರ ಇಂಜಿನ್ನು ನಿಂತ ಮೇಲೆ ಅವರೇ ಬಂದರು. ಒಣಗಿಸಿಟ್ಟ ಒಲೆಯನ್ನು ಪೂರ್ತಿ ಬಿಚ್ಚಿ ಒರೆಸಿದರು. ಡೈನಮೋದ ಬೋರ್ಡಿನಿಂದ ಒಲೆಗೆಂದೇ ಬೇರೆ ದಪ್ಪ ವಯರು ಎಳೆದರು. ಅದಕ್ಕೇ ಒಂದು ಸ್ವಿಚ್ಚು, ಅದಕ್ಕೆ ಅಳೆದು ಹಾಕಿದ ಫ್ಯೂಸು. ಬಚ್ಚಲ ಪಕ್ಕದ ತೇವದ ನೆಲದಲ್ಲಿ ಕಬ್ಬಿಣದ ಕೊಳವೆ ಹೂತು, ಸುತ್ತ ಇದ್ದಲು, ಉಪ್ಪು ತುಂಬಿ ಹೊಸ ಹಸಿರು ತಂತಿಯನ್ನು ಅದಕ್ಕೆ ಕಟ್ಟಿದರು. ಗುಂಡಿ ತೋಡಿದವನು ನಾನು, ಒಂದೇ ಕೈಯಲ್ಲಿ! ಇನ್ನೊಂದು ಮೊಣಕೈ ಹಲಸಿನಷ್ಟು ಊದಿತ್ತು.

ಸೋಮವಾರ ಮೂರಕ್ಕೆ ಮೊದಲ ಕಾಫಿ ಕಾಯಿತು. ಸಾಬರಿಗೊಂದು ಲೋಟ, ನನಗೊಂದು ಲೋಟ. ಹೊಗೆಯ ಸುಳಿವಿಲ್ಲದ ಅಡುಗೆಮನೆಯಲ್ಲಿ ಸಾವಿತ್ರಮ್ಮನ ಕಣ್ಣಲ್ಲಿ ನೀರು!

"ಇನ್ನೂ ಯಾಕೆ ಕಣ್ಣೀರು?" ಎಂದೆ ಗಾಬರಿಯಿಂದ.

"ಕಣ್ಣು ಉಳಿದು ನೀವು ಇಲ್ದಿದ್ರೆ, ನಾನು ಏನನ್ನ ನೋಡ್ಬೇಕಿತ್ತು?"

ಅವಳ ಕೈ ಹಿಡಿಯೋಣವೆಂದು ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಅವಳು ಕಣ್ಣೊರೆಸಿಕೊಂಡು ತಟ್ಟನೆ ಅಡ್ಡ ನಿಂತಳು. ಒಲೆಯ ಪಕ್ಕದ ಗೋಡೆಗೆ ಹೊಸದಾಗಿ ಹೊಡೆದ ಎರಡು ಮೊಳೆಗಳ ಮೇಲೆ ಒನಕೆ ಮಲಗಿತ್ತು.

"ಅಲ್ಲೇ ನಿಲ್ಲಿ! ಒಲೆಗೆ ಸಾಬ್ರು ಫ್ಯೂಸ್ ಹಾಕಿದ್ದಾರೆ. ನಿಮಗೆ ನಾನು ಹಾಕಿಟ್ಟಿದ್ದೀನಿ!"