ಕಾಕಾನೂ ಎರಡು ಬಣದ ಗುಂಡಿಗಳೂ

ನಮ್ಮ ಕಾಕಾ ಮಹಾ ಜಗಳಗಂಟ. ಊರವರ ಜೊತೆ ಅಲ್ಲ, ಗಡಿಯಾಚೆ ತೆಲುಗು ಸೀಮೆಯ ಮಕ್ತಲದ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಮುಖವನ್ನೇ ನೋಡದ ಪರದೇಶದವರ ಜೊತೆ! ಕಾರಣ? ಒಂದು ಗುಂಡಿ. ಅಂಗಿಯದಲ್ಲ, ಕಂಪ್ಯೂಟರ್ ಪರದೆಯ ಮೇಲಿನದು.

ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶದಲ್ಲಿ ಪರದೆಯನ್ನು ರೂಪಿಸುವ ಎರಡು ಬಣಗಳಿವೆಯಂತೆ. ಗುಂಡಿ, ಕಿಟಕಿ ಎಲ್ಲವನ್ನೂ ಇವರೂ ತಳದಿಂದ ಕಟ್ಟುತ್ತಾರೆ, ಅವರೂ ಕಟ್ಟುತ್ತಾರೆ. ಒಬ್ಬರ ಗುಂಡಿಯ ಮಾತು ಇನ್ನೊಬ್ಬರಿಗೆ ತಿಳಿಯದು. ಅದರಿಂದ ಮಕ್ತಲಕ್ಕೇನು ನಷ್ಟ ಅನ್ನುತ್ತೀರಾ? ನಷ್ಟ ಕಾಕಾನ ಹೆಂಡತಿ, ನಮ್ಮ ಚಿಗವ್ವನಿಗೆ. ಆಕೆಯ ಕಣ್ಣು ಪೂರಾ ಮಂಜಾಗಿತ್ತು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಒಂದು ಬಣದ್ದು, ಆಕೆಗೆ ರೂಢಿಯಾದ ಇಮೇಲ್ ಇನ್ನೊಂದು ಬಣದ್ದು. ಹೀಗಾಗಿ ಗದ್ವಾಲದ ತಂಗಿ ಬರೆದದ್ದನ್ನು ಕಾಕಾನೇ ಓದಬೇಕು. ಅದರಲ್ಲಿ ಅರ್ಧ ಕಾಕಾನಿಗೇ ಬೈಗುಳ!

“‘ಅಕ್ಕಾ, ನಿನ್ನ ಹುಚ್ಚ ಗಂಡಗ ಬುದ್ಧಿ ಬಂತೇನು?’ ಅಂತ ಬರದಾಳ,” ಎಂದು ಒಂದಕ್ಷರ ಬಿಡದೆ ಓದುತ್ತಿದ್ದ.

“ಇನ್ನಾ ಬಂದಿಲ್ಲಂತ ಬರೀರಿ,” ಎನ್ನುತ್ತಿದ್ದಳು ಚಿಗವ್ವ. ಅದನ್ನೂ ಅವನೇ ಬರೆಯುತ್ತಿದ್ದ!

ಬರಬರುತ್ತ ತಂಗಿ ತನ್ನ ಮನೆಯ ಕಷ್ಟ ಬರೆಯುವುದನ್ನೇ ಬಿಟ್ಟಳು. ಭಾವ ಓದುತ್ತಾನಲ್ಲ! ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಅವಳ ಅತ್ತೆ. ಚಿಗವ್ವ ಮಂಕಾದಳು. ಕಾಕಾ ಎರಡೂ ಬಣಕ್ಕೆ ದಿನಾ ಬರೆಯತೊಡಗಿದ: ಮನೆ ಬೇರೆಬೇರೆ ಕಟ್ಟಿಕೊಳ್ಳಿ, ಪಾಯ ಒಂದೇ ಇರಲಿ.

ಅದು ಪ್ರತ್ಯೇಕ ತೆಲಂಗಾಣ ರಾಜ್ಯ ಬರುವ ಕಾಲ. ಚಹಾದ ಹೋಟೆಲಿನಲ್ಲಿ ಬೇರೆ ಮಾತೇ ಇಲ್ಲ. ಕಾಕಾ ತನ್ನದೇ ಗುಂಗಿನಲ್ಲಿ, “ಎರಡೂ ಬ್ಯಾರೆ ಇರಲಿ, ಆದ್ರ ತಳ ಒಂದ ಇರಬೇಕು ನೋಡ್ರಿ!” ಎಂದುಬಿಟ್ಟ.

ಎಲ್ಲರೂ ಲೋಟ ಕೆಳಗಿಟ್ಟು ಅವನತ್ತ ತಿರುಗಿದರು. “ಏಮನ್ನಾ, ತೆಲಂಗಾಣ ವದ್ದಂಟವಾ?” ಎಂದು ತೆಲುಗಿನಲ್ಲಿ ಗುಡುಗಿದನೊಬ್ಬ, ತೆಲಂಗಾಣ ಬೇಡ ಅಂತೀಯಾ ಎಂದು.

“ತೆಲಂಗಾಣದ್ದಲ್ಲೋ ತಮ್ಮಾ, ಗುಂಡೀದು!”

“ಯಾವ ಗುಂಡಿ? ನಮ್ಮನ್ನ ಗುಂಡ್ಯಾಗ ದಬ್ಬಾಕ ನಿಂತೀಯೇನು?” ಎಂದ ಇನ್ನೊಬ್ಬ.

ಆಮೇಲೆ ನರ್ವದಿಂದ ಕೃಷ್ಣಾದವರೆಗೆ ಸುತ್ತಲ ಊರಿಗೆಲ್ಲ ಅವನು ರಾಜ್ಯ ವಿರೋಧಿ! ಚಹಾವನ್ನು ಮನೆಯಲ್ಲೇ ಕುಡಿಯಬೇಕಾಯಿತು.

ರಾಜ್ಯ ಬಂತು. ಬಣಗಳೂ ತಳದ ಕೆಲವು ಸಾಮಾನುಗಳನ್ನು ಹಂಚಿಕೊಂಡವು. ಕಾಕಾನ ಕಾಟಕ್ಕೋ, ತಾವಾಗಿಯೋ, ಯಾರಿಗೆ ಗೊತ್ತು? ಹೊಸ ತಂತ್ರಾಂಶ ಹಾಕಿ ಕಾಕಾ ಚಿಗವ್ವನನ್ನು ಪರದೆಯ ಮುಂದೆ ಕೂರಿಸಿದ. ಯಂತ್ರ ಮೂಗಿನಲ್ಲಿ ಉಲಿಯಿತು: “ಗುಂಡಿ. ತೆರೆ.”

ಚಿಗವ್ವ ತಂಗಿಗೆ ಫೋನ್ ಮಾಡಿ, “ಇನ್ನ ಮ್ಯಾಲೆ ನಾನ ಓದತೀನಿ, ಬರಿ,” ಎಂದಳು. ಮರುದಿನ ಉದ್ದನೆಯ ಇಮೇಲ್ ಬಂತು.

“ಹೆಡ್‌ಫೋನ್ ಕೊಡ್ರಿ. ನೀವ್ ಹೊರಗ ಹೋಗ್ರಿ,” ಎಂದಳು ಚಿಗವ್ವ.

ಕಾಕಾ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತ. ಒಳಗೆ ಚಿಗವ್ವ ಮೂಗೊರೆಸಿಕೊಂಡಳು, ಆಮೇಲೆ ಕೀಲಿಮಣೆಯ ಸದ್ದು ಶುರುವಾಯಿತು. ತಡೆಯಲಾರದೆ ಕಾಕಾ ಬಾಗಿಲಿಗೆ ಹೋಗಿ ಕೂಗಿದ: “ಏನ್ ಬರದಾಳ?”

“ನಿಮಗ್ಯಾಕ ಬೇಕ್ರಿ ಅದು?”

ಕಾಕಾ ಓಡಿಬಂದು ನನ್ನ ಕೈ ಹಿಡಿದ. ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಕೇಳಿದ್ಯಾ? ನನಗ್ಯಾಕ ಬೇಕಂತ!”