ಹಸಿರು ಪರದೆಯ ಸಿಳ್ಳೆ

ವಯಸ್ಸಾಗುವುದರಲ್ಲೂ ಒಂದು ಕ್ರಮವಿರಬೇಕೆಂದು ಬಯಸುವವನು ನಾನು. ಈ ವಿಷಯದಲ್ಲಿ ಮಂಡಿ ಪ್ರಾಮಾಣಿಕ. ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವಂತೆ ನೋಟೀಸು ಕೊಟ್ಟೇ ಕೆಲಸ ನಿಲ್ಲಿಸುತ್ತದೆ. ಕಣ್ಣು ಮೊದಲು ಪತ್ರಿಕೆಯನ್ನು ದೂರ ಹಿಡಿಸಿ ಆಮೇಲೆ ಕನ್ನಡಕ ಕೇಳುತ್ತದೆ. ಕಿವಿಯದು ಹಾಗಲ್ಲ. ಅದು ಹಾಜರಿ ಹಾಕಿ, ರಜೆ ಚೀಟಿ ಬರೆಯದೆ, ಹಿಂಬಾಗಿಲಿನಿಂದ ಹೊರಟುಹೋಗುತ್ತದೆ. ನನ್ನದು ಹೀಗೆ ಹೋಗಿ ಎಷ್ಟು ಕಾಲವಾಯಿತೋ ತಿಳಿಯದು. ಹೋಗಿದೆಯೆಂದು ತಿಳಿದದ್ದು ನಾನೇ ಕಟ್ಟಿಕೊಂಡ ಒಂದು ಕಂಪ್ಯೂಟರಿನ ದೆಸೆಯಿಂದ.

ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ, ಕಪ್ಪು ಪರದೆಯ ಹಸಿರು ಅಕ್ಷರಗಳ ಮುಂದೆ ನನ್ನ ಹರೆಯ ಕಳೆಯಿತು. ನಿವೃತ್ತನಾದ ಮೇಲೆ ಜಯನಗರದ ಮನೆಯಲ್ಲಿ ವಾಕಿಂಗು, ಸ್ನಾನ, ತಿಂಡಿ, ಪತ್ರಿಕೆ ಎಲ್ಲವೂ ಹತ್ತು ಗಂಟೆಯೊಳಗೆ ಮುಗಿದು, ಉಳಿದ ದಿನ ಬಸ್ಸು ತಪ್ಪಿದವನ ಹಾಗೆ ನಿಂತಲ್ಲೇ ನಿಂತಿರುತ್ತಿತ್ತು. ಹೀಗಿರುವಾಗ ಮಡಿವಾಳದ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕೂಲರುಗಳ ಹಿಂದೆ, ನಮ್ಮ ಕಾಲದ ಎರಡು ಡಬ್ಬ ಮಾನಿಟರು ಕಂಡವು. ಬಿಟ್ಟು ಬರಲಾಗಲಿಲ್ಲ. ಬಡಗಿಯಿಂದ ತೇಗದ ಪೆಟ್ಟಿಗೆ ಮಾಡಿಸಿ ಎರಡನ್ನೂ ಅಕ್ಕಪಕ್ಕ ಕೂರಿಸಿದೆ. ಒಳಗೆ ಅಂಗೈಯಷ್ಟಗಲದ ಹೊಸ ಕಂಪ್ಯೂಟರು, ಹೊಸದರ ಚಿತ್ರವನ್ನು ಹಳೆಯದಕ್ಕೆ ಅರ್ಥ ಮಾಡಿಸುವ ಒಂದು ಪುಟ್ಟ ಡಬ್ಬಿ, ಹೊರಗೆ ಟಕ್ಕೆನ್ನುವ ಲೋಹದ ಸ್ವಿಚ್ಚು. ನನ್ನ ಹೆಂಡತಿ ವಿಮಲ ಸುತ್ತ ಬಂದು ನೋಡಿ, "ಫೋನಲ್ಲಿ ಬರೋ ಅಕ್ಷರಾನೇ ಇಷ್ಟು ದೊಡ್ಡ ಪೆಟ್ಟಿಗೇಲಿ ತರಿಸ್ಕೊಂಡ್ರಾ?" ಎಂದಳು. ನಾನು ಸ್ವಿಚ್ಚು ಒತ್ತಿದೆ. ಹಾಲಿನ ಮೂಲೆಯಲ್ಲಿ ಹಸಿರು ಅಕ್ಷರ ಮಿನುಗಿದಾಗ, ಯಾರೋ ನನ್ನನ್ನು ಹಳೆಯ ಆಫೀಸಿನ ಹೆಸರು ಹಿಡಿದು ಕರೆದಂತಾಗಿತ್ತು. ದಿನಾ ಹತ್ತಕ್ಕೆ ಕುಳಿತು ಊಟದವರೆಗೆ ಕಾರ್ಖಾನೆಯ ನೆನಪುಗಳನ್ನು ಬರೆಯತೊಡಗಿದೆ. ಅಷ್ಟು ಹೊತ್ತು ನಾನು ಯಾರಿಗೋ ಬೇಕಾದ ಮನುಷ್ಯ.

ಅದೇ ಹಾಲಿನ ಇನ್ನೊಂದು ತುದಿಯಲ್ಲಿ ಸೊಸೆ ಸುಮಾಳ ಆಫೀಸು. ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ. ಅವಳಿಗೆ ತಲೆನೋವು ಶುರುವಾಯಿತು. ಸೈನಸ್ ಇರಬೇಕು ಎಂದಳು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಇಲ್ಲದಿದ್ದರೆ ಹೀಗೇ ಆಗುವುದೆಂದು ನಾನು ಪರದೆಯಿಂದ ಮುಖವೆತ್ತದೆ ಉಪದೇಶ ಮಾಡಿದೆ. ಕೊನೆಗೆ ವಿಮಲಳೇ ಬಾಯಿಬಿಟ್ಟಳು. "ಅವಳ ಸೈನಸ್ಸು ನಿಮ್ಮ ಪೆಟ್ಟಿಗೆ. ಅದು ಸಿಳ್ಳೆ ಹಾಕುತ್ತಂತೆ."

"ಯಾವ ಸಿಳ್ಳೆ?"

"ನಂಗೇನು ಗೊತ್ತು, ನಂಗೂ ಕೇಳಲ್ಲ."

ಸುಮಾಳನ್ನು ಕರೆದೆ. "ಹೌದೇನಮ್ಮ?"

"ಸ್ವಲ್ಪ ಮಾವ. ಕಿವಿ ಪಕ್ಕ ಸೊಳ್ಳೆ ನಿಂತ ಹಾಗೆ."

ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪದ ನಾನು ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಸ್ವಿಚ್ಚಿನ ಸದ್ದು ಕೇಳದಂತೆ ಪ್ಲಗ್ಗಿನ ಹತ್ತಿರ ಬಗ್ಗಿ, ಎರಡೂ ಮಾನಿಟರುಗಳ ತಂತಿಯನ್ನು ಸಿಕ್ಕಿಸಿ ಕಿತ್ತು ಮಾಡಿದೆ. "ಇದೆ. ಇಲ್ಲ. ಈಗಲೂ ಇಲ್ಲ. ಬಂತು." ಒಂದೂ ತಪ್ಪಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಗೋಡೆಯ ಕಡೆಗೇ ನೋಡುತ್ತಾ, "ನಿಮಗೆ ಕೇಳಿಸ್ತಿಲ್ಲ ಅಂತ ಗೊತ್ತಾಯ್ತು ಮಾವ. ಅದನ್ನ ಹೇಗೆ ಹೇಳೋದು ಅಂತ ಸುಮ್ನಿದ್ದೆ" ಎಂದಳು.

ಪೆಟ್ಟಿಗೆ ಆರಿಸಿದರೆ ನನ್ನ ದಿನ ಮತ್ತೆ ಬಸ್‌ಸ್ಟಾಪಿಗೆ ಹೋಗಿ ನಿಲ್ಲುತ್ತದೆ. ಹಚ್ಚಿದರೆ ಅವಳ ತಲೆ ಸಿಡಿಯುತ್ತದೆ. ಶ್ರೀನಗರದಿಂದ ಟಿ.ವಿ. ರಿಪೇರಿಯ ನಂಜುಂಡಯ್ಯನವರನ್ನು ಕರೆಸಿದೆ. ಅವರೂ ನನ್ನ ವಾರಿಗೆಯವರೇ. ಎರಡೂ ಮಾನಿಟರುಗಳ ಹಿಂಬದಿ ಬಿಚ್ಚಿ, ಒಳಗಿನ ಟ್ರಾನ್ಸ್‌ಫಾರ್ಮರು ಅದುರಿ ಹೀಗೆ ಕೂಗುತ್ತದೆ ಎಂದು ತೋರಿಸಿ, ಅದರ ಸುತ್ತ ಅಂಟು ತುಂಬಿದರು. ಒಣಗಿದ ಮೇಲೆ ಹಚ್ಚಿದೆವು. ಇಬ್ಬರೂ ಎರಡು ಪಕ್ಕದಿಂದ ಕಿವಿ ಆನಿಸಿ, ಮಗುವಿನ ಉಸಿರು ಕೇಳುವವರಂತೆ ಬಹಳ ಹೊತ್ತು ನಿಂತೆವು.

"ನಿಂತಿತೇನ್ರಿ?" ಎಂದೆ.

"ಇಂಥ ಸಣ್ಣ ಸಿಳ್ಳೆ ಈ ವಯಸ್ಸಲ್ಲಿ ನಂಗೆಲ್ಲಿ ಸಾರ್ ಕೇಳುತ್ತೆ. ಹಳೇ ಟಿ.ವಿ.ಗಳೂ ಹಿಂಗೇ ಕೂಗ್ತಿದ್ವು, ಮೊದಲು ಬೀದಿ ತುದೀಲಿ ನಿಂತೇ ಯಾರ ಮನೇಲಿ ಟಿ.ವಿ. ಹಾಕವ್ರೆ ಅಂತ ಹೇಳ್ಬಿಡ್ತಿದ್ದೆ."

"ಮತ್ತೆ ಸರಿಯಾಯ್ತು ಅಂತ ಗೊತ್ತಾಗೋದು ಹೇಗೆ?"

"ಮನೇಲಿ ಚಿಕ್ಕೋರು ಇರ್ತಾರಲ್ಲ, ಕೇಳಿ" ಎಂದು ಅವರು ಸ್ಕ್ರೂ ತಿರುಗಿಸಿದರು.

ಸುಮಾ ಬಂದಳು. ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಈಗ ಏನೂ ಇಲ್ಲ ಮಾವ. ಪೂರ್ತಿ ನಿಂತೋಯ್ತು." ಅವಳನ್ನು ಮತ್ತೆ ಗೋಡೆಗೆ ಮುಖ ಮಾಡಿ ನಿಲ್ಲಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಸರ್ವಿಸಿನಲ್ಲಿ ಪರೀಕ್ಷೆಯಿಲ್ಲದೆ ಒಂದು ಕಾಗದಕ್ಕೂ ರುಜು ಹಾಕದವನು, ಅವಳ ಮಾತಿಗೆ ಅಲ್ಲೇ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಅವಳು ತನ್ನ ಟೇಬಲ್ಲನ್ನು ಹಿಂದಿನ ಕೋಣೆಗೆ ಎಳೆಯುತ್ತಿದ್ದಳು. "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಮಾವ" ಎಂದಳು. ಆ ಕೋಣೆಗಿರುವುದು ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. "ಹೌದಮ್ಮ, ಒಳ್ಳೆ ಗಾಳಿ" ಎಂದೆ. ಟೇಬಲ್ಲಿನ ಇನ್ನೊಂದು ತುದಿ ನಾನೇ ಹಿಡಿದು ಒಳಗಿಟ್ಟೆ. ಆ ಗಾಳಿ ಹೊರಗೆ ಹೋಗದಿರಲೆಂದು ಬಾಗಿಲು ಎಳೆದುಕೊಂಡು ಬಂದು, ಹತ್ತಕ್ಕೆ ಸರಿಯಾಗಿ ಸ್ವಿಚ್ಚು ಒತ್ತಿದೆ.