ನಡುಮನೆಯ ಟಿ.ವಿ.ಯವರ ಸನ್ನಿಧಾನಕ್ಕೆ, ಮಗಳ ಓದಿನ ಬಗ್ಗೆ

ನಮ್ಮ ನಡುಮನೆಯ ಗೋಡೆಯನ್ನು ಅಲಂಕರಿಸಿ, ದೇವರ ಕೋಣೆಗಿಂತ ಹೆಚ್ಚು ಭಕ್ತರನ್ನು ಸಂಪಾದಿಸಿರುವ ಮಾನ್ಯರೇ,

ತಮ್ಮ ಪಾದಗಳಿಗೆ ಎರಗೋಣವೆಂದರೆ ತಮ್ಮನ್ನು ಮೊಳೆ ಹೊಡೆದು ತೂಗುಹಾಕಿದ್ದರಿಂದ ಪಾದಗಳೇ ಇಲ್ಲ. ಆದಕಾರಣ ತಮ್ಮ ಪ್ಲಗ್ಗಿಗೇ ಸಾಷ್ಟಾಂಗ ನಮಸ್ಕಾರಗಳು.

ಸದಲಗಾದಲ್ಲಿ ಹಾಲಿನ ಡೇರಿ ನಡೆಸುವ ಅಭಿನಂದನನೆಂಬ ನಾನು, ಬಹಳ ದಿನ ಹಲ್ಲು ಕಚ್ಚಿಕೊಂಡಿದ್ದು ಕೊನೆಗೆ ಈ ಪತ್ರ ಬರೆಯುತ್ತಿದ್ದೇನೆ. ಆದಿನಾಥ ಸ್ವಾಮಿಗಳು ಮಗಳು ಬ್ರಾಹ್ಮಿಗೆ ಅಕ್ಷರ ಕಲಿಸಿದರೆಂದು ಕೇಳಿ ನಾವೂ ನಮ್ಮ ಕೂಸಿಗೆ ಅದೇ ಹೆಸರಿಟ್ಟೆವು. ನಾಲ್ಕನೆಯ ಇಯತ್ತೆಗೆ ಬಂದರೂ ಈ ಬ್ರಾಹ್ಮಿ ‘ಎಮ್ಮೆ’ ಎಂಬ ಪದ ಓದಲು ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಮಾತು ಮಾತ್ರ ತಮ್ಮ ಧಾರಾವಾಹಿಗಳ ಕೃಪೆಯಿಂದ ಅರಳು ಹುರಿದಂತೆ. ಹೊತ್ತು ಮುಳುಗುವ ಮುಂಚೆ ಉಣ್ಣಲು ಬಾ ಎಂದು ನನ್ನ ಅವ್ವ ಗಂಗೂಬಾಯಿ ಕರೆದರೆ, ಈ ಮನೆಯಲ್ಲಿ ಹೆಣ್ಣಿಗೆ ನ್ಯಾಯವೇ ಇಲ್ಲವೆಂದು ಸೆರಗಿಲ್ಲದ ಫ್ರಾಕಿನಲ್ಲೇ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಮಂದಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಕೂಸು ಪುಸ್ತಕ ಕಂಡೊಡನೆ ಮುಖ ತಿರುಗಿಸಿದಾಗ ನನ್ನ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಆಗ ಅವಳ ಶಾಲೆಯ ಸರಿತಾ ಟೀಚರು ತಮ್ಮದೇ ವಿದ್ಯೆಯನ್ನು ಕದ್ದರು. ಎಮ್ಮೆಯೊಂದು ಬಾವಿಗೆ ಬಿದ್ದ ಕಥೆ ಓದುತ್ತ ಓದುತ್ತ, ಊರವರು ಅದನ್ನು ಅರ್ಧ ಎತ್ತಿ ಹಗ್ಗ ಹರಿಯುವ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿ, ಉಳಿದದ್ದು ಸೋಮವಾರ ಎಂದುಬಿಟ್ಟರಂತೆ. ಎಮ್ಮೆ ಕಟ್ಟಿದ ಮನೆಯ ಹುಡುಗಿ ಸೋಮವಾರದವರೆಗೆ ತಾಳುವುದುಂಟೇ? ಪುಸ್ತಕವನ್ನು ಕಾಡಿಬೇಡಿ ತಂದು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೆವರು ಸುರಿಸಿ, ಎಮ್ಮೆಯನ್ನು ಸ್ವತಃ ತಾನೇ ಮೇಲೆತ್ತಿದಳು. ಅಲ್ಲಿಂದ ದಿನಕ್ಕೊಂದು ಪುಸ್ತಕ. ಅಜ್ಜಿಯನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದುವಾಗ ತಮ್ಮ ಶಿಷ್ಯತ್ವವನ್ನೂ ಮರೆಯಲಿಲ್ಲ. ಗುಟ್ಟು ಬಯಲಾದಲ್ಲೆಲ್ಲ ಢಣ್ ಢಣ್ ಎಂದು ತಾನೇ ಸಂಗೀತ ಬಾರಿಸಿ, ಆಮೇಲೆ ಜಾಹೀರಾತು ಎಂದು ನಮ್ಮ ಡೇರಿಯ ತುಪ್ಪವನ್ನು ಹೊಗಳಿ ಮುಂದುವರಿದಳು. ತಮಗೆ ನಾವು ಋಣಿ.

ಖುಷಿ ತಡೆಯಲಾರದೆ ನಾನು ಮಹಾರಾಷ್ಟ್ರದ ಕುರುಂದವಾಡದಲ್ಲಿರುವ ನನ್ನ ಹೆಂಡತಿಯ ತಾಯಿ ಸುಂದರಾ ಅವರಿಗೆ ಫೋನು ಹಚ್ಚಿ, ನನ್ನ ಮುರುಕು ಮರಾಠಿಯಲ್ಲಿ ‘ಬ್ರಾಹ್ಮಿ ವಾಚಲಿ’ ಎಂದು ಕೂಗಿದೆ. ‘ಬ್ರಾಹ್ಮೀನ ವಾಚಲ’ ಅಂದಿದ್ದರೆ ಓದಿದಳು ಎಂದಾಗುತ್ತಿತ್ತು. ಕನ್ನಡದ ಹದದಲ್ಲಿ ಮರಾಠಿ ಕಲಸಿದ್ದಕ್ಕೆ, ಸಾಯುವುದರಿಂದ ಉಳಿದಳು ಎಂದಾಯಿತು. ಮಧ್ಯಾಹ್ನದ ಬಸ್ಸಿಗೆ ಅತ್ತೆಯವರು ಎಳನೀರಿನ ಗೊಂಚಲು ಹೊತ್ತು ಬಂದಿಳಿದು, ಜಗುಲಿಯ ಮೇಲೆ ಪುಸ್ತಕ ಹಿಡಿದು ಕುಳಿತ ಮೊಮ್ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತರು. ಕೂಸಿಗೆ ಏನಾಗಿತ್ತೆಂದು ಕೇಳಿದಾಗ ಹೆಣ್ಣು ಕೊಟ್ಟ ಅತ್ತೆಯೆದುರು ನನ್ನ ವ್ಯಾಕರಣದ ತಪ್ಪನ್ನು ಒಪ್ಪಿಕೊಳ್ಳಲು ನಾಚಿ, ಬೆರಳು ಮಾಡಿ ತಮ್ಮನ್ನೇ ತೋರಿಸಿದೆ. ಅವರು ತಮ್ಮನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಕಣ್ಣೊರೆಸಿಕೊಂಡು, ಬಂದಷ್ಟು ಕನ್ನಡದಲ್ಲಿ ಅಳಿಯನಾದ ನನಗೆ ಹೇಳಿದರು: “ಜಾವಯಿಬಾಪು, ಇದ ರೋಗ ನಮ್ಮ ಮನ್ಯಾಗೂ ಐತಿ. ನಿಮ್ಮ ಡಾಕ್ಟರ್ ಯಾರ್ರಿ?”

ನಾನು ಸರಿತಾ ಟೀಚರ ವಿಳಾಸ ಕೊಟ್ಟೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಸಣ್ಣ ಪ್ರಾರ್ಥನೆ. ತಮ್ಮ ನಾಯಕಿಯರು ಅಳುವ ಬಿಡುವಿನಲ್ಲಿ ಒಂದೆರಡು ಪುಟ ಓದಲಿ. ಹಾಲಿಗೆ ವಿಷ ಬೆರೆಸುವ ಅತ್ತಿಗೆಯು ಬಾಟಲಿಯ ಮೇಲಿನ ಅಕ್ಷರಗಳನ್ನಾದರೂ ಮಕ್ಕಳಿಗೆ ಕಾಣುವಂತೆ ಹಿಡಿಯಲಿ, ಹಾಲು ನಮ್ಮ ಡೇರಿಯದಲ್ಲವೆಂದೂ ಸ್ಪಷ್ಟಪಡಿಸಲಿ. ಬ್ರಾಹ್ಮಿ ಕಥೆ ಓದುವಾಗ ತಾವೂ ಗಲಾಟೆ ಮಾಡದೆ ಕೇಳಿಸಿಕೊಂಡರೆ ತಮಗೂ ಒಳ್ಳೆಯದು, ಹೊಸ ಕಥೆ ಸಿಕ್ಕೀತು.

ತಮ್ಮ ಮುಂದೆ ಕುಳಿತೇ ಬೆಳೆದ,
ತಮ್ಮ ವಿಶ್ವಾಸಿ,
ಅಭಿನಂದನ

ತಾ.ಕ.: ಕಳಿಸುವ ಮುಂಚೆ ಈ ಪತ್ರವನ್ನು ಬ್ರಾಹ್ಮಿ ಎಲ್ಲಿಯೂ ತಡವರಿಸದೆ ಓದಿ, ನನ್ನ ಕಾಗುಣಿತ ತಿದ್ದಿ, ಅಪ್ಪಾ ನಿನ್ನ ಕಾಲಕ್ಕೂ ಟಿ.ವಿ. ಇತ್ತೇನು ಎಂದು ಕೇಳಿದಳು. ಇತ್ತು ಎಂದೆ. ಹೋಗಲಿ ಬಿಡು ಎಂದು ನನ್ನ ಕೈಗೆ ಎಮ್ಮೆಯ ಪುಸ್ತಕ ಕೊಟ್ಟಿದ್ದಾಳೆ.